ಪ್ರಶ್ನೆ ಆಳಂದದಿಂದಲೇ ಹೊರಡಲಿ

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ. ಕಲಬುರಗಿ ಬಸ್ ನಿಲ್ದಾಣದಲ್ಲಿ ಆಳಂದದ ಬಸ್ಸು ಹತ್ತಿದ್ದೀರಿ. ಕೂರಲು ಜಾಗವಿಲ್ಲ. ಬುತ್ತಿಗಂಟು ಹಿಡಿದ ಹೆಂಗಸರು, ಹೊಸ ಅಂಗಿ ತೊಟ್ಟ ಮಕ್ಕಳು, ಕಾಲಸಂದಿಯಲ್ಲಿ ಬುಟ್ಟಿ, ಬುಟ್ಟಿಯೊಳಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು. ನಡುವೆ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿದ ನಾಲ್ಕೈದು ಹುಡುಗ ಹುಡುಗಿಯರು. ಒಬ್ಬರ ಮಾತು ಮಲಯಾಳ, ಇನ್ನೊಬ್ಬರದು ಹಿಂದಿ, ಮತ್ತೊಬ್ಬರದು ಅಪ್ಪಟ ಬೀದರ್ ಕನ್ನಡ. ಆಳಂದ ಚೆಕ್‌ಪೋಸ್ಟ್ ದಾಟಿದ ಮೇಲೆ ಊರು ಹಿಂದೆ ಸರಿದು ಎರೆ ನೆಲ ತೆರೆದುಕೊಳ್ಳುತ್ತದೆ. ಒಂದು ಕಡೆ ಹಸಿರು ಬಿಳಿಜೋಳ, ಇನ್ನೊಂದು ಕಡೆ ಕಾಯಿ ಬಲಿತು ಕಂದು ತಿರುಗಿದ ತೊಗರಿ. ಕಂಡಕ್ಟರ್ “ಯುನಿವರ್ಸಿಟಿ, ಯುನಿವರ್ಸಿಟಿ” ಎಂದು ಕೂಗುತ್ತಾನೆ. ಲ್ಯಾಪ್‌ಟಾಪ್ ಚೀಲದವರೆಲ್ಲ ಇಳಿಯುತ್ತಾರೆ. ನೀವೂ ಇಳಿಯಿರಿ.

ಇದು ಆಳಂದ ತಾಲ್ಲೂಕಿನ ಕಡಗಂಚಿ. ಕನ್ನಡ ಮನೆಮಾತಿನ ಸರಸ್ವತಿ ಗಂಗಾಧರರು ಇದೇ ಊರಿನವರು. ಗಾಣಗಾಪುರದ ಗುರುವಿನ ಕಥೆಯನ್ನು ಮರಾಠಿಯಲ್ಲಿ ‘ಗುರುಚರಿತ್ರೆ’ಯಾಗಿ ಬರೆದವರು ಅವರೇ. ಹಾಗಾಗಿ ಮಹಾರಾಷ್ಟ್ರದ ಭಕ್ತರಿಗೆ ಕಡಗಂಚಿಯ ಹೆಸರು ಬಹಳ ಕಾಲದಿಂದ ಗೊತ್ತು. ಕರ್ನಾಟಕದ ಉಳಿದ ಭಾಗಕ್ಕೆ ಗೊತ್ತಾದದ್ದು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಿಂದ. 2009ರ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಈ ವಿಶ್ವವಿದ್ಯಾಲಯ ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯುತ್ತಿತ್ತು, ಆಮೇಲೆ ಇಲ್ಲಿನ ಸುಮಾರು 650 ಎಕರೆ ಜಾಗಕ್ಕೆ ಬಂತು. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೂಡ ಇಲ್ಲಿ ಕಲಿಸುತ್ತಾರೆ. ಆವರಣ ಮುಗಿದಲ್ಲಿಂದಲೇ ರೈತರ ಹೊಲ ಶುರು.

ಈ ಹೊತ್ತು ಕ್ಯಾಂಪಸ್ಸಿನಲ್ಲಿ ಜನ ಕಡಿಮೆ. ಆದ್ದರಿಂದ ಹೊಲದ ಕಡೆಗೇ ನಡೆಯಿರಿ. ಇವತ್ತು ಈ ಸೀಮೆಯ ಊರಿಗೆ ಊರೇ ಹೊಲದಲ್ಲಿರುತ್ತದೆ. ಬದುವಿನ ಮೇಲೆ ಕಾಲಿಟ್ಟರೆ ಸಾಕು, ಗುರುತು ಪರಿಚಯ ಕೇಳುವ ಮೊದಲೇ ಕರೆ ಬರುತ್ತದೆ: “ಬರ್ರಿ, ಮೊದ್ಲ ಉಣ್ರಿ, ಆಮ್ಯಾಲ ಹೊಲ ನೋಡ್ರಿ.” ಜೋಳದ ನಡುವೆ ಚರಗ ಚೆಲ್ಲಿ ಬಂದವರು ಗಿಡದ ನೆರಳಲ್ಲಿ ಸಾಲಾಗಿ ಕೂತಿದ್ದಾರೆ. ಬಾಳೆಎಲೆಯ ಮೇಲೆ ಭಜ್ಜಿ ಬೀಳುತ್ತದೆ. ಹಸಿ ತೊಗರಿಕಾಳು, ಅವರೆ, ಕಡಲೆಸೊಪ್ಪು, ಮೆಂತ್ಯ, ಬದನೆ ಎಲ್ಲ ಕೂಡಿ ಬೆಂದ ಭಜ್ಜಿ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಂಬಲಿ. ಉಣ್ಣುವಾಗ ಯಾರೂ ಕಷ್ಟದ ಮಾತು ತೆಗೆಯುವುದಿಲ್ಲ. ಕೈ ತೊಳೆದು ಎದ್ದ ಮೇಲೆ, ಹೊಲ ತೋರಿಸುವಾಗ, ಆ ಮಾತು ತಾನಾಗಿ ಬರುತ್ತದೆ.

ತೊಗರಿ ಸಾಲಿನ ನಡುವೆ ಅಲ್ಲಲ್ಲಿ ಒಂದೊಂದು ಗಿಡ ಎಲೆ ಕಾಯಿ ಸಮೇತ ಒಣಗಿ ನಿಂತಿದೆ. ಬಲಿತು ಒಣಗಿದ್ದಲ್ಲ. ಕಾಯೊಳಗೆ ಕಾಳು ಕಟ್ಟುವ ಮುಂಚೆಯೇ ಸತ್ತದ್ದು. “ನಿಂತಲ್ಲೇ ಒಣಗ್ಯಾವ್ರಿ” ಎನ್ನುತ್ತಾರೆ. ಒಂದನ್ನು ಬೇರುಸಹಿತ ಕಿತ್ತು ಕಾಂಡದ ತೊಗಟೆಯನ್ನು ಉಗುರಿನಿಂದ ಸುಲಿಯಿರಿ. ಬಿಳಿಯಾಗಿರಬೇಕಿದ್ದ ಕಟ್ಟಿಗೆಯ ಮೇಲೆ ಕಪ್ಪು ಕಂದು ಗೆರೆಗಳು ಬುಡದಿಂದ ಮೇಲಕ್ಕೆ ಹರಿದಿವೆ. ನೀರು ಏರುವ ದಾರಿಯನ್ನು ಫ್ಯುಸೇರಿಯಂ ಎಂಬ ಶಿಲೀಂಧ್ರ ಕಟ್ಟಿಹಾಕಿದೆ. ಗಿಡದ ಸುತ್ತ ತೇವ ಇದ್ದರೂ ಅದಕ್ಕೆ ಕುಡಿಯಲು ಆಗಿಲ್ಲ. ಇದೇ ನೆಟೆ ರೋಗ. ಸತ್ತ ಗಿಡದ ಬೇರು, ಕೂಳೆ ನೆಲದಲ್ಲಿ ಉಳಿದರೆ ಶಿಲೀಂಧ್ರ ಸುಮಾರು ಮೂರು ವರ್ಷ ಅಲ್ಲೇ ಬದುಕಿರುತ್ತದೆ. ವರ್ಷ ವರ್ಷ ತೊಗರಿಯನ್ನೇ ಬಿತ್ತುವ ಹೊಲಕ್ಕೆ ಅದು ಕಾಯಂ ಬಾಡಿಗೆದಾರ. 2022ರ ಮುಂಗಾರಿನಲ್ಲಿ ಬಿತ್ತಿದ ತೊಗರಿ ಕಲಬುರಗಿ ಜಿಲ್ಲೆಯ ತುಂಬ ಹೀಗೆಯೇ ಒಣಗಿತು. ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಪ್ರಕಟಿಸಬೇಕಾಯಿತು.

ಕಿತ್ತ ಗಿಡ ಕೈಯಲ್ಲೇ ಇರಲಿ. ತಂತ್ರಜ್ಞಾನ, ವಿದೇಶ, ವಿಶ್ವವಿದ್ಯಾಲಯ ಎಂಬ ದೊಡ್ಡ ಮಾತುಗಳಿಗೂ ಈ ಗಿಡಕ್ಕೂ ಹಳೆಯ ನಂಟಿದೆ.

ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿನತ್ತ ಹೋದರೆ ಪಟಾನ್‌ಚೆರು ಸಿಗುತ್ತದೆ. ಅಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇದೆ. ಒಣಬೇಸಾಯದ ಬೆಳೆಗಳೇ ಅದರ ಕೆಲಸ. ಅಲ್ಲಿನ ತಳಿಭಂಡಾರದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳಿವೆ. ಅದೇ ಭಂಡಾರದಿಂದ ಆಯ್ದ ‘ಐಸಿಪಿ 8863’ ಎಂಬ ನೆಟೆನಿರೋಧಕ ತಳಿ 1986ರಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾಯಿತು. ಕೆಲವೇ ವರ್ಷಗಳಲ್ಲಿ ಈ ಸೀಮೆಯ ಹೊಲಗಳನ್ನು ಅದು ತುಂಬಿಕೊಂಡಿತು. ಇಲ್ಲಿ ವಯಸ್ಸಾದ ಯಾರನ್ನಾದರೂ ಕೇಳಿ, ‘ಮಾರುತಿ ತೊಗರಿ’ ಎಂದರೆ ಮನೆಯವರನ್ನು ನೆನೆದಂತೆ ಮಾತಾಡುತ್ತಾರೆ. ಆಮೇಲೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್‌-3ಆರ್, ಜಿಆರ್‌ಜಿ-811 ಬಂದವು. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ತೊಗರಿಯ ವಂಶವಾಹಿಯ ಕರಡು ನಕಾಶೆ ಪ್ರಕಟವಾದದ್ದು 2011ರಲ್ಲಿ. ಮುಂದಾಳತ್ವ ಪಟಾನ್‌ಚೆರುವಿನದು. ಚೀನಾದ ಬಿಜಿಐ ಸಂಸ್ಥೆ, ಅಮೆರಿಕದ ಜಾರ್ಜಿಯಾ ಹಾಗೂ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು, ಯೂರೋಪಿನ ಸಂಶೋಧಕರು ಜೊತೆಗೂಡಿದ್ದರು. ಓದಿದ್ದು ನಮ್ಮ ಕಡೆಯ ಹೊಲಗಳಲ್ಲಿ ಬೆಳೆಯುವ ‘ಆಶಾ’ ತಳಿಯನ್ನು. ಅದರಲ್ಲಿ 48,680 ಜೀನ್‌ಗಳನ್ನು ಗುರುತಿಸಿದರು. ಬಡವರ ಬೆಳೆ ಎಂದು ಜಗತ್ತು ಪಕ್ಕಕ್ಕಿಟ್ಟಿದ್ದ ಕಾಳಿಗೆ ಇಷ್ಟು ದೇಶಗಳ ತಲೆಗಳು ಒಟ್ಟಿಗೆ ಬಾಗಿದ್ದು ನನಗೆ ಇವತ್ತಿಗೂ ಹೆಮ್ಮೆ ತರುವ ಸಂಗತಿ. ವಿದೇಶದೊಂದಿಗೆ ಕೂಡಿ ಊರಿನ ಕೆಲಸ ಮಾಡುವುದು ಆಗದ ಮಾತು ಎನ್ನುವವರಿಗೆ ಈ ಬದುವಿನ ಮೇಲೆ ನಿಂತೇ ಉತ್ತರ ಕೊಡಬಹುದು.

ಆದರೆ ಆ ಕೆಲಸ ಪಿಎಚ್‌ಡಿ ಮುಗಿಸಿದ ವಿಜ್ಞಾನಿಗಳದು. ಎದುರಿನ ಹಾಸ್ಟೆಲ್ಲಿನ ಇಪ್ಪತ್ತರ ಹುಡುಗಿ ಏನು ಮಾಡಬಹುದು?

ಅದನ್ನು ನೋಡಲು ಸ್ವಲ್ಪ ಹೊತ್ತು ಕಡಗಂಚಿ ಬಿಡೋಣ. 1990ರ ದಶಕದ ಆರಂಭ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ಕ್ಯಾಂಪಸ್. ಉಡುಪಿ ಸೀಮೆಯ ಮೂಲದ, ಖರಗಪುರ ಐಐಟಿಯಲ್ಲಿ ಓದಿ ಬಂದ ಹರೀಶ್ ಹಂದೆ ಸೌರಶಕ್ತಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಾರೆ. ಲೆಕ್ಕ, ಸೂತ್ರ, ಶಾಖದ ಹರಿವು, ಎಲ್ಲ ಕಾಗದದ ಮೇಲೆ. ಹೀಗಿರುವಾಗ ಡೊಮಿನಿಕನ್ ರಿಪಬ್ಲಿಕ್‌ಗೆ ಒಮ್ಮೆ ಹೋಗುತ್ತಾರೆ. ಅಲ್ಲಿನ ಬಡ ಹಳ್ಳಿಗಳ ಮನೆಗಳಲ್ಲಿ ಸೌರದೀಪ ಉರಿಯುತ್ತಿದೆ, ಅದಕ್ಕೆ ಮನೆಯವರೇ ದುಡ್ಡು ಕಟ್ಟುತ್ತಿದ್ದಾರೆ. ಬಡವರಿಗೆ ಸೌರಶಕ್ತಿ ದುಬಾರಿ ಎಂಬ ನಂಬಿಕೆ ಅಲ್ಲಿ ಬಿದ್ದುಹೋಗುತ್ತದೆ. ಲೋವೆಲ್‌ಗೆ ಮರಳಿದ ಹಂದೆ ಅರ್ಧ ದಾರಿಯ ಪ್ರಬಂಧವನ್ನು ಬದಿಗಿಟ್ಟು ವಿಷಯವನ್ನೇ ಬದಲಿಸುತ್ತಾರೆ. ಕರೆಂಟಿಲ್ಲದ ಹಳ್ಳಿಗೆ ಬೆಳಕು ಹೋಗುವುದು ಹೇಗೆ, ಅದಕ್ಕೆ ಹಣ ಕೂಡುವುದು ಹೇಗೆ ಎಂಬುದೇ ಹೊಸ ವಿಷಯ.

ಅದನ್ನು ಕಲಿಯಲು ಅವರು ಹೋದದ್ದು ಶ್ರೀಲಂಕಾದ ಹಳ್ಳಿಗೆ. ಈಗ ನೀವೂ ಅಲ್ಲಿದ್ದೀರಿ ಎಂದುಕೊಳ್ಳಿ. ಕರೆಂಟಿಲ್ಲ. ಊರಿನ ಮಾತು ಸಿಂಹಳ, ನಿಮಗೆ ಬಾರದು. ಸಂಜೆಯಾದರೆ ಸೀಮೆಎಣ್ಣೆ ಬುಡ್ಡಿ ಹೊತ್ತಿಸುತ್ತಾರೆ. ಮಗು ಓದುವಾಗ ಅಡುಗೆಮನೆಯಲ್ಲಿ ಕತ್ತಲು, ಬುಡ್ಡಿ ಒಲೆಯ ಹತ್ತಿರ ಹೋದರೆ ಪುಸ್ತಕ ಮುಚ್ಚಬೇಕು. ಹಳ್ಳಿಯನ್ನು ಸರ್ವೆ ಮಾಡಲು ಬಂದವನಿಗೆ ಇದು ಒಂದು ದಿನದಲ್ಲಿ ಕಾಣುವುದಿಲ್ಲ. ತಿಂಗಳುಗಟ್ಟಲೆ ಅದೇ ಕತ್ತಲಲ್ಲಿ ಕೂತವನಿಗೆ ಕಾಣುತ್ತದೆ. ಹಂದೆ ಹಾಗೆ ಕೂತರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಸೇರಿ ಬೆಂಗಳೂರಿನಲ್ಲಿ ಸೆಲ್ಕೋ ಎಂಬ ಸೌರದೀಪದ ಕಂಪನಿ ಕಟ್ಟಿದಾಗ ಅವರ ಕೈಯಲ್ಲಿದ್ದ ನಿಜವಾದ ಬಂಡವಾಳ ಈ ಅನುಭವವೇ. ಗ್ರಾಮೀಣ ಬ್ಯಾಂಕುಗಳ ಬಾಗಿಲು ತಟ್ಟಿ ಸೌರದೀಪಕ್ಕೆ ಸಾಲ ಕೊಡಿಸಿದರು. ಬೀದಿಬದಿಯ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ ಎಂಬ ಪಾಠವನ್ನು ಒಬ್ಬ ವ್ಯಾಪಾರಿಯಿಂದಲೇ ಕಲಿತು ಕಂತಿನ ಲೆಕ್ಕ ತಿದ್ದಿಕೊಂಡರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ವಿದೇಶಕ್ಕೆ ಹೋದ ಕನ್ನಡಿಗ ವಿದ್ಯಾರ್ಥಿಗಳ ಕಥೆಗಳಲ್ಲಿ ನನಗೆ ಇದೇ ಹೆಚ್ಚು ಬೆಲೆಯದು. ಲೋವೆಲ್ ಅವರಿಗೆ ವಿದ್ಯೆ ಕೊಟ್ಟಿತು. ಪ್ರಶ್ನೆ ಕೊಟ್ಟದ್ದು ಇನ್ನೊಂದು ಬಡದೇಶ.

ಇನ್ನೊಂದು ತಂಡವೂ ನೆನಪಿಗೆ ಬರುತ್ತದೆ. 2007ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನ ಒಂದು ತರಗತಿಯಲ್ಲಿ ನಾಲ್ವರು ವಿದ್ಯಾರ್ಥಿಗಳಿಗೆ ಒಂದು ಕೆಲಸ ಸಿಕ್ಕಿತು: ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರನ್ನು ಮಾಮೂಲಿ ಬೆಲೆಯ ನೂರರಲ್ಲಿ ಒಂದು ಪಾಲಿಗೆ ಮಾಡಬೇಕು. ತಂಡದ ಒಬ್ಬರು ಕಠ್ಮಂಡುವಿಗೆ ಹೋಗಿ ನೋಡಿದರು. ಆಸ್ಪತ್ರೆಯಲ್ಲಿ ದಾನವಾಗಿ ಬಂದ ಯಂತ್ರಗಳು ಖಾಲಿ ನಿಂತಿದ್ದವು. ಮಕ್ಕಳು ಸಾಯುತ್ತಿದ್ದದ್ದು ಆಸ್ಪತ್ರೆಗೆ ಬರಲಾಗದ ಹಳ್ಳಿಗಳಲ್ಲಿ. ಅಲ್ಲಿಂದ ಯಂತ್ರದ ಮಾತು ನಿಂತು, ಮೇಣದಂಥ ವಸ್ತು ತುಂಬಿದ ಚೀಲದ ಮಾತು ಶುರುವಾಯಿತು. ಒಮ್ಮೆ ಕಾಯಿಸಿದರೆ ಗಂಟೆಗಟ್ಟಲೆ 37 ಡಿಗ್ರಿಯಲ್ಲಿ ಉಳಿಯುವ ಚೀಲ. ‘ಎಂಬ್ರೇಸ್’ ಎಂದು ಹೆಸರಿಟ್ಟು ತಂಡ ಬೆಂಗಳೂರಿಗೆ ಬಂತು. ಇಲ್ಲಿನ ಹಳ್ಳಿಯ ತಾಯಂದಿರ ಮುಂದೆ ಕೂತಾಗ ಇನ್ನೊಂದು ಸಂಗತಿ ತಿಳಿಯಿತು. ದವಾಖಾನೆಯ ಔಷಧ ಬಹಳ ‘ಪವರ್’ ಎಂಬ ನಂಬಿಕೆಯಿಂದ ಮನೆಗಳಲ್ಲಿ ವೈದ್ಯರು ಹೇಳಿದ್ದರಲ್ಲಿ ಅರ್ಧವೇ ಕೊಡುತ್ತಾರೆ. 37 ಎಂದು ಬರೆದಿದ್ದರೆ ಮಗುವಿಗೆ ಹೆಚ್ಚಾದೀತೆಂದು ತಾಯಿ 30ಕ್ಕೇ ನಿಲ್ಲಿಸಿಯಾಳು. ತಂಡದವರು ಅಂಕಿಯನ್ನೇ ತೆಗೆದುಹಾಕಿ, ಸರಿ ಇದೆ ಅಥವಾ ಸರಿಯಿಲ್ಲ ಎಂದಷ್ಟೇ ತೋರಿಸುವ ಗುರುತು ಇಟ್ಟರು. ಕ್ಯಾಲಿಫೋರ್ನಿಯಾದ ಪ್ರಯೋಗಾಲಯದಲ್ಲಿ ಎಷ್ಟು ವರ್ಷ ಕೂತಿದ್ದರೂ ಆ ಅಂಕಿ ಅಳಿಸಬೇಕೆಂದು ಹೊಳೆಯುತ್ತಿರಲಿಲ್ಲ.

ಮತ್ತೆ ಹೊಲಕ್ಕೆ ಬನ್ನಿ. ಬಿಸಿಲು ಇಳಿಯುತ್ತಿದೆ. ಬುತ್ತಿಗಂಟು ಖಾಲಿಯಾಗಿ ಹೆಂಗಸರು ಈಗ ಮಾತಿಗೆ ಕೂತಿದ್ದಾರೆ. ತೊಗರಿಯಲ್ಲಿ ನಿಮಗೆ ಬಲು ಕಷ್ಟದ ಕೆಲಸ ಯಾವುದು ಎಂದು ಕೇಳಿ. ಕುಡಿ ಚಿವುಟುವ ಮಾತು ಬರುತ್ತದೆ. ಬಿತ್ತಿ 45–50 ದಿನಕ್ಕೆ ತುದಿಯ ಎರಡು ಮೂರು ಇಂಚು ಚಿವುಟಿದರೆ ಗಿಡ ಮೇಲೇಳುವುದು ಬಿಟ್ಟು ಪಕ್ಕದ ರೆಂಬೆ ಒಡೆಯುತ್ತದೆ, ಕಾಯಿ ಹೆಚ್ಚುತ್ತದೆ. ಅದು ಮಳೆಗಾಲದ ನಡುವೆ ಬರುವ ಕೆಲಸ. ಎರೆ ಮಣ್ಣು ನೆನೆದು ಒಂದೊಂದು ಹೆಜ್ಜೆಗೂ ಕಾಲಿಗೆ ಹೆಂಟೆ ಮೆತ್ತಿಕೊಳ್ಳುತ್ತದೆ. ಒಂದು ಎಕರೆಯಲ್ಲಿ ಸಾವಿರಾರು ಕುಡಿ, ಒಂದೊಂದೂ ಬೆರಳ ತುದಿಯಲ್ಲಿ. ಬೆನ್ನಿಗೆ ಬ್ಯಾಟರಿ ಕಟ್ಟಿಕೊಂಡು ಕೋಲಿನ ತುದಿಯ ಬ್ಲೇಡಿನಿಂದ ಕತ್ತರಿಸುವ ಯಂತ್ರ ಬಂದಿದೆ. ಒಳ್ಳೆಯದೇ. ಅದನ್ನು ಒಮ್ಮೆ ಎತ್ತಿಕೊಂಡು, ಆ ಕೆಸರಲ್ಲಿ, ಸೀರೆ ಎತ್ತಿಕಟ್ಟಿದ ಹೆಣ್ಣುಮಗಳ ಜೊತೆ ಒಂದು ಸಾಲು ನಡೆದು ನೋಡಬೇಕು. ತೂಕ ಎಲ್ಲಿ ಬೀಳುತ್ತದೆ, ಪಟ್ಟಿ ಯಾವ ಭುಜಕ್ಕೆ ಒತ್ತುತ್ತದೆ, ಎಷ್ಟು ಹೊತ್ತಿಗೆ ಬ್ಯಾಟರಿ ಇಳಿಯುತ್ತದೆ. ಎಲೆಕ್ಟ್ರಿಕಲ್ ವಿಭಾಗದ ವಿದ್ಯಾರ್ಥಿಗೆ ಒಂದು ಇಡೀ ಸೆಮಿಸ್ಟರಿನ ಕೆಲಸ ಆ ಒಂದು ಸಾಲಿನಲ್ಲಿದೆ.

ಕಾಯಿಕೊರಕದ ಮಾತೂ ಬರುತ್ತದೆ. 1997–98ರಲ್ಲಿ ಆ ಹುಳ ಇಲ್ಲಿನ ತೊಗರಿಯನ್ನು ತಿಂದು ಹಾಕಿದಾಗ ಯಾವ ಔಷಧವೂ ನಾಟಲಿಲ್ಲ. ಆಗ ಈ ಜಿಲ್ಲೆಯ ಹೊಲಗಳಲ್ಲಿ ಹಳೆಯ ಪದ್ಧತಿಯೊಂದು ಮತ್ತೆ ಮುಂದೆ ಬಂತು. ಸಾಲಿನ ಕೆಳಗೆ ಬಟ್ಟೆ ಹಿಡಿದು ಗಿಡ ಅಲುಗಿಸಿದರೆ ಹುಳಗಳು ಉದುರುತ್ತವೆ. ಇಕ್ರಿಸ್ಯಾಟ್‌ನವರೂ ಅದನ್ನು ಪರೀಕ್ಷಿಸಿ ಬೇರೆ ರೈತರಿಗೆ ಹೇಳಿಕೊಟ್ಟರು. ಹೂವಿನ ಹೊತ್ತಿಗೆ ಮೋಹಕ ಬಲೆಯಲ್ಲಿ ಬಿದ್ದ ಪತಂಗಗಳನ್ನು ದಿನವೂ ಎಣಿಸಿದರೆ ಹುಳದ ಹಾವಳಿ ಎಂದು ಏರುತ್ತದೆಂದು ಮುಂಚೆಯೇ ಗೊತ್ತಾಗುತ್ತದೆ. ಆದರೆ ದಿನವೂ ಎಣಿಸುವವರು ಯಾರು? ಎಣಿಸಿ ಊರಿಗೆಲ್ಲ ಹೇಳುವವರು ಯಾರು? ಸಣ್ಣ ಕ್ಯಾಮೆರಾ, ಅಗ್ಗದ ಚಿಪ್, ಕನ್ನಡದಲ್ಲಿ ಒಂದು ಧ್ವನಿಸಂದೇಶ ಇದ್ದರೆ ಸಾಕು. ಈ ಕ್ಯಾಂಪಸ್ಸಿನಲ್ಲಿ ಓದುತ್ತಿರುವವರ ಕೈಗೆ ನಿಲುಕದ ವಿದ್ಯೆ ಇದರಲ್ಲಿ ಯಾವುದೂ ಇಲ್ಲ.

ಇಷ್ಟಕ್ಕೆ ವಿದೇಶದ ಜೊತೆ ಯಾಕೆ ಬೇಕು ಎಂದರೆ, ಈ ಹೊಲ ನೋಡುವವರೆಗೆ ನನಗೂ ಸ್ಪಷ್ಟವಿರದ ಒಂದು ಕಾರಣವಿದೆ. ತೊಗರಿ ಹಂಗಾಮು ಇಲ್ಲಿ ವರ್ಷಕ್ಕೆ ಒಂದೇ. ಜೂನ್–ಜುಲೈನಲ್ಲಿ ಬಿತ್ತನೆ, ಡಿಸೆಂಬರ್–ಜನವರಿಯಲ್ಲಿ ಕೊಯ್ಲು. ಆಗಸ್ಟಿನಲ್ಲಿ ಕುಡಿ ಚಿವುಟುವ ಯಂತ್ರ ಕೈಕೊಟ್ಟರೆ ತಿದ್ದಿ ಮತ್ತೆ ನೋಡಲು ಮುಂದಿನ ಆಗಸ್ಟ್ ಬರಬೇಕು. ಅಷ್ಟರಲ್ಲಿ ಹುಡುಗಿಯ ಪದವಿ ಮುಗಿದು ಅವಳು ಬೆಂಗಳೂರಿಗೆ ಹೋಗಿರುತ್ತಾಳೆ. ಆದರೆ ಭೂಮಧ್ಯರೇಖೆಯ ಆಚೆ, ಆಫ್ರಿಕಾದಲ್ಲಿ, ಮಲಾವಿ ಎಂಬ ಪುಟ್ಟ ದೇಶವಿದೆ. ಅಲ್ಲಿ ತೊಗರಿಗೆ ‘ನಂದೋಲೊ’ ಎನ್ನುತ್ತಾರೆ. ಬ್ಲಾಂಟೈರ್, ಮುಲಾಂಜೆ ಕಡೆಯ ಸಣ್ಣ ರೈತರು ಮೆಕ್ಕೆಜೋಳದ ನಡುವೆ ಅದನ್ನು ಬೆಳೆಯುತ್ತಾರೆ. ನಾವು ಎಳ್ಳ ಅಮಾವಾಸ್ಯೆ ಉಣ್ಣುವ ಹೊತ್ತಿಗೆ ಅಲ್ಲಿ ಬಿತ್ತನೆ ಮುಗಿದು ಮೊಳಕೆ ಎದ್ದಿರುತ್ತದೆ. ಇಲ್ಲಿ ಗುಡುಗು ಶುರುವಾಗುವಾಗ ಅಲ್ಲಿ ಹೂವು, ಕಾಯಿ. ಅಲ್ಲೂ ಇದೇ ನೆಟೆ, ಇದೇ ಕಾಯಿಕೊರಕ. ನೆಟೆ ತಡೆಯುವ ಐಸಿಪಿ 9145 ಎಂಬ ತಳಿಯನ್ನು ಅವರೂ 1980ರ ದಶಕದಲ್ಲೇ ಬಿತ್ತಲು ಶುರುಮಾಡಿದ್ದರು. ಲಿಲಾಂಗ್ವೆಯಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಹತ್ತಿರದ ಚಿಟೆಡ್ಜೆಯಲ್ಲಿ ಸಂಶೋಧನಾ ಕೇಂದ್ರವಿದೆ, ಇಕ್ರಿಸ್ಯಾಟ್‌ನ ಕಚೇರಿಯೂ ಇದೆ.

ಕಡಗಂಚಿಯ ತಂಡ ಡಿಸೆಂಬರಿನಲ್ಲಿ ಇಲ್ಲಿ ಕಲಿತದ್ದನ್ನು ಹಿಡಿದು ಅಲ್ಲಿಗೆ ಹೋಗಲಿ, ಮೇ–ಜೂನ್‌ನಲ್ಲಿ ಅಲ್ಲಿನ ತಂಡ ತಿದ್ದಿದ್ದನ್ನು ಹಿಡಿದು ಇಲ್ಲಿಗೆ ಬರಲಿ. ವರ್ಷಕ್ಕೆ ಎರಡು ಹಂಗಾಮು ಸಿಗುತ್ತದೆ. ಒಂದು ಪದವಿಯ ಅವಧಿಯಲ್ಲಿ ಯಂತ್ರವನ್ನು ನಾಲ್ಕಾರು ಸಲ ಒಡೆದು ಕಟ್ಟಬಹುದು. ಲೋವೆಲ್‌ನಲ್ಲೂ ಸ್ಟ್ಯಾನ್‌ಫರ್ಡ್‌ನಲ್ಲೂ ಒಳ್ಳೆಯ ಪ್ರಯೋಗಾಲಯಗಳಿವೆ, ಅಲ್ಲಿಗೂ ಹೋಗಬೇಕು. ಆದರೆ ತೊಗರಿಗಿಡವನ್ನು ಕೈಯಲ್ಲಿ ಹಿಡಿದು ತೊಗಟೆ ಸುಲಿದ ಸಹಪಾಠಿ ಅಲ್ಲಿ ಸಿಗುವುದಿಲ್ಲ. ಮಲಾವಿಯಲ್ಲಿ ಸಿಗುತ್ತಾರೆ, ಮೊಜಾಂಬಿಕ್‌ನಲ್ಲಿ ಸಿಗುತ್ತಾರೆ, ತಾಂಜಾನಿಯಾದಲ್ಲಿ ಸಿಗುತ್ತಾರೆ. 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ತೊಗರಿ ಆಮದಿನ ಒಪ್ಪಂದ ಮಾಡಿಕೊಂಡ ಮೇಲೆ ಆ ದೇಶಗಳನ್ನು ನಮ್ಮ ಮಾರುಕಟ್ಟೆ ಪೈಪೋಟಿಯ ಕಣ್ಣಿನಿಂದ ನೋಡುತ್ತದೆ. ಧಾರಣೆ ಕುಸಿದ ವರ್ಷ ಇಲ್ಲಿನ ರೈತನಿಗೆ ಸಿಟ್ಟು ಬರುವುದು ಸಹಜ, ಆ ಸಿಟ್ಟಿಗೆ ಕಾರಣವೂ ಇದೆ. ಆದರೂ ರೋಗಕ್ಕೆ ಔಷಧ ಹುಡುಕುವಾಗ ಅಲ್ಲಿನ ರೈತನೂ ಇಲ್ಲಿನ ರೈತನೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಹಣದ ಮಾತೂ ಆಗಲಿ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ವಿದೇಶದಲ್ಲಿ ಓದಲು ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ. ವಿದೇಶಿ ಪ್ರಾಧ್ಯಾಪಕರನ್ನು ಇಲ್ಲಿಗೆ ಕರೆಸಲು 2015ರಿಂದ ಕೇಂದ್ರದ ‘ಜ್ಞಾನ್’, ಎರಡೂ ಕಡೆಯ ಸಂಶೋಧಕರು ಕೂಡಿ ಕೆಲಸ ಮಾಡಲು 2018ರಿಂದ ‘ಸ್ಪಾರ್ಕ್’ ಇವೆ. ದಾರಿಗಳು ತೆರೆದಿವೆ. ಆ ದಾರಿಗೆ ಇಳಿಯುವ ವಿದ್ಯಾರ್ಥಿ ಯಾವ ಪ್ರಶ್ನೆ ಹೊತ್ತು ಹೋಗುತ್ತಾಳೆ ಎಂಬುದೇ ನನ್ನ ಚಿಂತೆ. ಅಲ್ಲಿನ ಪ್ರಾಧ್ಯಾಪಕರು ಕೊಟ್ಟ ವಿಷಯವನ್ನು ಚೆನ್ನಾಗಿ ಮಾಡಿ ಮುಗಿಸಿ ಬರುವುದು ಸುಲಭ, ಬಹುಮಾನವೂ ಸಿಗುತ್ತದೆ. ಆಳಂದದ ಪ್ರಶ್ನೆಯನ್ನು ಅವರ ಮೇಜಿನ ಮೇಲೆ ಇಟ್ಟು “ಇದಕ್ಕೆ ಕೈಜೋಡಿಸಿ” ಎನ್ನಲು ಆ ಪ್ರಶ್ನೆ ಮೊದಲು ಗೊತ್ತಿರಬೇಕು. ಗೊತ್ತಾಗಲು ಹೊಲದಲ್ಲಿ ಕೂತಿರಬೇಕು.

ವಿಶ್ವವಿದ್ಯಾಲಯಕ್ಕೂ ಅಲ್ಲಿನ ಅಧ್ಯಾಪಕರಿಗೂ ಇಷ್ಟನ್ನು ಕೇಳುತ್ತೇನೆ. ಇಂಜಿನಿಯರಿಂಗ್‌ಗೆ ಸೇರಿದ ಪ್ರತಿ ವಿದ್ಯಾರ್ಥಿಯೂ ಮೊದಲ ವರ್ಷ ಬಿತ್ತನೆಯಿಂದ ಕೊಯ್ಲಿನವರೆಗೆ ಅಕ್ಕಪಕ್ಕದ ಒಂದು ಹೊಲಕ್ಕೆ ಹೋಗಿಬರಲಿ. ಆ ರೈತಮನೆಯವರ ಹೆಸರು ಅವರ ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿರಲಿ. ಆಮೇಲೆ ಅವರನ್ನು ಲಿಲಾಂಗ್ವೆಗೂ ಕಳಿಸಿ, ಲೋವೆಲ್‌ಗೂ ಕಳಿಸಿ. ವಿದ್ಯಾರ್ಥಿಗಳೇ, ಕ್ಯಾಂಪಸ್ಸಿನ ಗೇಟಿನಿಂದ ಹೊಲ ಹತ್ತು ನಿಮಿಷದ ನಡಿಗೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲು ಅಲ್ಲಿಗೆ ಹೋಗಿಬನ್ನಿ.